ಮಾಂಟೆಸ್ಸರಿ ಶಾಲೆಯಲ್ಲಿ ಪೂರಕ ತರಗತಿಗಳು: ಯೋಜನೆಯಿಂದ ಪರಿಶೀಲನೆಯವರೆಗೆ ಸಮಗ್ರ ಮಾರ್ಗದರ್ಶಿ

ಸಂಗೀತ, ಎರಡನೆಯ ಭಾಷೆ, ಚಿತ್ರಕಲೆ, ಜೇಡಿಮಣ್ಣಿನ ಕೆಲಸ, ನೃತ್ಯ, ಯೋಗ, ತೋಟಗಾರಿಕೆ ಮುಂತಾದ ಪೂರಕ ತರಗತಿಗಳನ್ನು ಆರಂಭಿಸಬೇಕೆಂದು ಮಾಂಟೆಸ್ಸರಿ ಶಾಲೆಯೊಂದು ನಿರ್ಧರಿಸಿದಾಗ ಸಾಮಾನ್ಯವಾಗಿ ಮೊದಲು ಆ ವಿಷಯದ ಶಿಕ್ಷಕರನ್ನು ಹುಡುಕಲಾಗುತ್ತದೆ. ಅವರಿಗೆ ಬಿಡುವಿರುವ ಗಂಟೆಯನ್ನು ಕೇಳಿಕೊಂಡು ಶಾಲೆಯ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಲಾಗುತ್ತದೆ. ಈ ಕ್ರಮ ತಿರುಗುಮುರುಗಾದದ್ದು. ಮಾಂಟೆಸ್ಸರಿ ಕೊಠಡಿಯಲ್ಲಿ ಮಗು ತಾನೇ ಆರಿಸಿಕೊಂಡ ಕೆಲಸದಲ್ಲಿ ತಡೆಯಿಲ್ಲದೆ ಮುಳುಗಿರುವ ಸಮಯವೇ ಶಿಕ್ಷಣದ ತಿರುಳು. ಆ ಸಮಯವನ್ನು ಕತ್ತರಿಸಿ ತಂದ ಪೂರಕ ತರಗತಿ ಎಷ್ಟೇ ಸೊಗಸಾಗಿದ್ದರೂ ಮಗುವಿಗೆ ಕೊಟ್ಟದ್ದಕ್ಕಿಂತ ಕಸಿದುಕೊಂಡದ್ದೇ ಹೆಚ್ಚಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಶಿಕ್ಷಕರ ಆಯ್ಕೆಯಿಂದಲ್ಲ, ಕೊಠಡಿಯ ವೀಕ್ಷಣೆಯಿಂದ ಆರಂಭವಾಗುತ್ತದೆ.

ಮೊದಲ ಹೆಜ್ಜೆ: ಕೊಠಡಿಯನ್ನು ಗಮನಿಸಿ, ಕೊರತೆ ಎಲ್ಲಿದೆ ಎಂದು ಗುರುತಿಸುವುದು

ಈ ಪದ್ಧತಿಯನ್ನು ರೂಪಿಸಿದ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ‘ಮಕ್ಕಳ ಮನೆ’ ಎಂಬ ತಮ್ಮ ಮೊದಲ ಶಾಲೆಯನ್ನು ತೆರೆದಾಗ ಅವರ ಬಳಿ ಸಿದ್ಧ ಪಠ್ಯಕ್ರಮವೇನೂ ಇರಲಿಲ್ಲ. ಮಕ್ಕಳನ್ನು ನೋಡುತ್ತ, ಅವರು ಯಾವುದನ್ನು ಮತ್ತೆ ಮತ್ತೆ ಮಾಡುತ್ತಾರೆ, ಯಾವುದನ್ನು ಮುಟ್ಟುವುದೇ ಇಲ್ಲ ಎಂಬುದನ್ನು ಬರೆದಿಟ್ಟುಕೊಳ್ಳುತ್ತ ಪರಿಕರಗಳನ್ನು ಉಳಿಸಿಕೊಂಡರು ಅಥವಾ ಕೈಬಿಟ್ಟರು. ಸುಮಾರು ಮೂರು ವರ್ಷದ ಮಗುವೊಂದು ಸುತ್ತಲಿನ ಗದ್ದಲದಿಂದ ಸ್ವಲ್ಪವೂ ವಿಚಲಿತವಾಗದೆ ಮರದ ಸಿಲಿಂಡರುಗಳನ್ನು ಅವುಗಳ ಗುಳಿಗಳಿಗೆ ನಲವತ್ತಕ್ಕೂ ಹೆಚ್ಚು ಬಾರಿ ತೆಗೆದು ಜೋಡಿಸಿದ್ದನ್ನು ಅವರು ಕಂಡದ್ದು ಇಂಥ ವೀಕ್ಷಣೆಯಲ್ಲಿಯೇ. ಪೂರಕ ತರಗತಿಯ ಯೋಜನೆಗೂ ಇದೇ ದಾರಿ.

ಯೋಜನೆಯ ಹೊಣೆ ಹೊತ್ತವರು ಕನಿಷ್ಠ ಎರಡು ವಾರಗಳ ಕಾಲ, ದಿನಕ್ಕೆ ಅರ್ಧ ಗಂಟೆಯಾದರೂ ಕೊಠಡಿಯ ಒಂದು ಮೂಲೆಯಲ್ಲಿ ಮಾತಿಲ್ಲದೆ ಕುಳಿತು ಬರೆದುಕೊಳ್ಳಬೇಕು. ಮಗು ಯಾವ ಕೆಲಸವನ್ನು ತಾನಾಗಿ ಆರಿಸಿತು, ಎಷ್ಟು ಹೊತ್ತು ಮಾಡಿತು, ಮತ್ತೆ ಮಾಡಿತೇ, ಯಾರು ಅಡ್ಡಬಂದರು, ಅಡ್ಡಬಂದ ಬಳಿಕ ಮೊದಲಿನ ಏಕಾಗ್ರತೆ ಮರಳಿತೇ ಎಂಬ ಐದು ವಿಷಯಗಳು ಸಾಕು. ಜೊತೆಗೆ ಯಾವ ಶೆಲ್ಫಿನ ಪರಿಕರಗಳ ಮೇಲೆ ಧೂಳು ಕುಳಿತಿದೆ ಎಂಬುದನ್ನೂ ನೋಡಬೇಕು. ಸಂಗೀತದ ಶೆಲ್ಫ್ ಇದ್ದೂ ಯಾರೂ ಅತ್ತ ಸುಳಿಯದಿದ್ದರೆ ಹೊರಗಿನ ಸಂಗೀತ ಶಿಕ್ಷಕರಿಗಿಂತ ಮೊದಲು ಕೊಠಡಿಯ ಅಧ್ಯಾಪಕಿಗೆ ಆ ಪರಿಕರಗಳ ತರಬೇತಿ ಬೇಕಾಗಿರಬಹುದು. ಪೂರಕ ತರಗತಿ ಎಂದು ನಾವು ಕೇಳುವ ಎಷ್ಟೋ ಸಂಗತಿಗಳು ಮೂಲ ಕೊಠಡಿಯಲ್ಲಿಯೇ ಇರಬೇಕಾದವು ಎಂಬುದು ಈ ವೀಕ್ಷಣೆಯಿಂದ ಬಹಳ ಬೇಗ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ವಿಷಯವನ್ನು ಆರಿಸುವುದು

ಮೊದಲ ವರ್ಷಕ್ಕೆ ಎರಡು ವಿಷಯಗಳಿಗಿಂತ ಹೆಚ್ಚು ಬೇಡ. ಆಯ್ಕೆಗೆ ಮುನ್ನ ಪ್ರತಿಯೊಂದು ವಿಷಯದ ಬಗ್ಗೆಯೂ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದರಲ್ಲಿ ಮಗುವಿನ ಕೈಗೆ ನಿಜವಾದ ಕೆಲಸವಿದೆಯೇ, ಅಥವಾ ಮಗು ಕೇವಲ ನೋಡುತ್ತ ಕುಳಿತಿರಬೇಕೇ? ಕಷ್ಟವನ್ನು ಒಂದೊಂದಾಗಿ ಬಿಡಿಸಿ ಕೊಡಲು ಸಾಧ್ಯವೇ? ತಪ್ಪಾದಾಗ ದೊಡ್ಡವರು ಹೇಳದೆಯೇ ಅದು ಮಗುವಿನ ಕಣ್ಣಿಗೋ ಕಿವಿಗೋ ಗೊತ್ತಾಗುತ್ತದೆಯೇ? ತರಗತಿ ಮುಗಿದ ಮೇಲೆ ಅದರ ಒಂದು ತುಣುಕನ್ನು ಟ್ರೇಯಲ್ಲಿ ಜೋಡಿಸಿ ಕೊಠಡಿಯ ಶೆಲ್ಫಿನಲ್ಲಿ ಇಡಬಹುದೇ?

ಈ ಕೊನೆಯ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ವಾರಕ್ಕೊಮ್ಮೆ ಮೂವತ್ತು ನಿಮಿಷ ಕಲಿತದ್ದನ್ನು ಉಳಿದ ದಿನಗಳಲ್ಲಿ ಮುಟ್ಟಲು ಅವಕಾಶವಿಲ್ಲದಿದ್ದರೆ, ಚಿಕ್ಕ ಮಗುವಿಗೆ ಅತ್ಯಗತ್ಯವಾದ ಪುನರಾವರ್ತನೆಯೇ ಇಲ್ಲವಾಗುತ್ತದೆ. ತರಗತಿಯಲ್ಲಿ ಸಿಗುವುದು ಪರಿಚಯ ಮಾತ್ರ. ಕಲಿಕೆ ನಡೆಯುವುದು ಮರುದಿನ ಮಗು ತಾನಾಗಿ ಆ ಟ್ರೇಯನ್ನು ಎತ್ತಿಕೊಂಡಾಗ.

ಮೂರನೆಯ ಹೆಜ್ಜೆ: ವೇಳಾಪಟ್ಟಿ

ಇಡೀ ಯೋಜನೆಯಲ್ಲಿ ಅತ್ಯಂತ ಎಚ್ಚರ ಬೇಕಾದ ಭಾಗ ಇದು. ಮಾಂಟೆಸ್ಸರಿ ಪದ್ಧತಿಯಲ್ಲಿ ಬೆಳಗಿನ ಕೆಲಸದ ಅವಧಿ ಸುಮಾರು ಮೂರು ಗಂಟೆಗಳದು. ಈ ಅವಧಿಯಲ್ಲಿ ಮಕ್ಕಳು ಮೊದಲು ಸುಲಭದ, ಪರಿಚಿತ ಕೆಲಸಗಳಲ್ಲಿ ತೊಡಗುತ್ತಾರೆ. ಒಂದು ಗಂಟೆ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿನ ಬಳಿಕ ಕೊಠಡಿಯಲ್ಲಿ ಚಡಪಡಿಕೆ ಕಾಣಿಸಿಕೊಳ್ಳುತ್ತದೆ, ಮಾತು ಹೆಚ್ಚುತ್ತದೆ, ಕೆಲವರು ಸುಮ್ಮನೆ ಅಡ್ಡಾಡುತ್ತಾರೆ. ಮಾಂಟೆಸ್ಸರಿಯವರು ಇದನ್ನು ಹುಸಿ ದಣಿವು ಎಂದು ಗುರುತಿಸಿದರು. ದೊಡ್ಡವರು ಅವಸರಪಟ್ಟು ಮಧ್ಯೆ ಪ್ರವೇಶಿಸದಿದ್ದರೆ ಮಕ್ಕಳು ಇದನ್ನು ದಾಟಿ, ದಿನದ ಅತ್ಯಂತ ಕಠಿಣವಾದ ಮತ್ತು ಆಳವಾದ ಕೆಲಸಕ್ಕೆ ತಾವಾಗಿ ತಿರುಗುತ್ತಾರೆ. ಪೂರಕ ತರಗತಿಗಳನ್ನು ಬಹುಮಟ್ಟಿಗೆ ಈ ಚಡಪಡಿಕೆಯ ಗಳಿಗೆಯಲ್ಲಿಯೇ ಇಡಲಾಗುತ್ತದೆ. ಮಕ್ಕಳಿಗೆ ಬೇಸರವಾದಂತೆ ಕಾಣುವುದರಿಂದ ಅದು ಸೂಕ್ತ ಸಮಯವೆಂದು ತೋರುತ್ತದೆ. ಆದರೆ ಅದರಿಂದ ತಪ್ಪಿಹೋಗುವುದು ಇನ್ನೇನು ಆರಂಭವಾಗಬೇಕಿದ್ದ ಆ ದೊಡ್ಡ ಕೆಲಸ.

ಲೆಕ್ಕ ಹಾಕಿ ನೋಡಿದರೆ ನಷ್ಟ ಸ್ಪಷ್ಟವಾಗುತ್ತದೆ. 24 ಮಕ್ಕಳ ಕೊಠಡಿಯಿಂದ ಆರಾರು ಮಕ್ಕಳ ನಾಲ್ಕು ಗುಂಪುಗಳನ್ನು ಒಂದೇ ಬೆಳಿಗ್ಗೆ ಅರ್ಧರ್ಧ ಗಂಟೆಗೆ ಕರೆದೊಯ್ದರೆ, ಒಂದೊಂದು ಮಗು ಹೊರಗಿರುವುದು 30 ನಿಮಿಷ ಮಾತ್ರವೆಂದು ತೋರಬಹುದು. ಆದರೆ ಕೊಠಡಿಯ ಬಾಗಿಲು ಎರಡು ಗಂಟೆಗಳ ಉದ್ದಕ್ಕೂ ತೆರೆಯುತ್ತ ಮುಚ್ಚುತ್ತ ಇರುತ್ತದೆ. ಹೆಸರು ಕರೆಯುವುದು, ಹರಡಿದ ಚಾಪೆಯನ್ನು ಅರ್ಧಕ್ಕೇ ಸುತ್ತಿಡುವುದು, ಮರಳಿ ಬಂದ ಮೇಲೆ ಹೊಸ ಕೆಲಸ ಹುಡುಕುವುದು, ಇವೆಲ್ಲವೂ ಹೋಗದೆ ಉಳಿದ ಮಕ್ಕಳ ಗಮನವನ್ನೂ ಒಡೆಯುತ್ತವೆ.

ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಪೂರಕ ತರಗತಿಗಳನ್ನು ಮಧ್ಯಾಹ್ನಕ್ಕೆ ಅಥವಾ ಶಾಲೆಯ ಅವಧಿ ಮುಗಿದ ನಂತರಕ್ಕೆ ಇಡಬೇಕು. ಉದಾಹರಣೆಗೆ, ಬೆಳಿಗ್ಗೆ 8:30ರಿಂದ 11:30ರವರೆಗಿನ ಅವಧಿಯನ್ನು ಮುಟ್ಟದೆ, ಊಟ ಮತ್ತು ಹೊರಾಂಗಣದ ಆಟದ ನಂತರ 1:30ರ ಸುಮಾರಿಗೆ ತರಗತಿಯನ್ನು ಆರಂಭಿಸಬಹುದು. ಆ ಹೊತ್ತಿಗೆ ಮಲಗುವ ಚಿಕ್ಕ ಮಕ್ಕಳನ್ನು ಎಬ್ಬಿಸಿ ಕರೆತರಬಾರದು. ಶಿಕ್ಷಕರು ಬೆಳಿಗ್ಗೆ ಮಾತ್ರ ಬರಬಲ್ಲರಾದರೆ ಮಕ್ಕಳನ್ನು ಹೊರಗೆ ಕರೆಯುವ ಬದಲು ಶಿಕ್ಷಕರೇ ಕೊಠಡಿಯೊಳಗೆ ಬಂದು, ತಮ್ಮ ಮೇಜಿನ ಬಳಿ ಕುಳಿತು, ಬಿಡುವಾದ ಒಬ್ಬಿಬ್ಬರು ಮಕ್ಕಳಿಗೆ ಪ್ರಾತ್ಯಕ್ಷಿಕೆ ನೀಡಲಿ. ಆಗ ಪೂರಕ ವಿಷಯವೂ ಮಗು ಆರಿಸಿಕೊಳ್ಳಬಹುದಾದ ಕೆಲಸಗಳಲ್ಲಿ ಒಂದಾಗುತ್ತದೆ. ಹಲವು ವಿಷಯಗಳಿಗೆ ಇದೇ ಅತ್ಯುತ್ತಮ ವ್ಯವಸ್ಥೆ ಎಂದು ನನ್ನ ಖಚಿತ ಅಭಿಪ್ರಾಯ. ಮಧ್ಯಾಹ್ನದ ತರಗತಿಗೆ ಎರಡನೆಯ ಸ್ಥಾನ.

ನಾಲ್ಕನೆಯ ಹೆಜ್ಜೆ: ಗುಂಪು ಮತ್ತು ಅವಧಿ

ಕೊಠಡಿಯಲ್ಲಿರುವ ಮಿಶ್ರ ವಯಸ್ಸಿನ ವ್ಯವಸ್ಥೆಯನ್ನೇ ತರಗತಿಯಲ್ಲಿಯೂ ಉಳಿಸಿಕೊಳ್ಳುವುದು ಒಳ್ಳೆಯದು. ಮೂರರಿಂದ ಆರು ವರ್ಷದವರಿಗೆ ಆರರಿಂದ ಎಂಟು ಮಕ್ಕಳ ಗುಂಪು ಮತ್ತು 20ರಿಂದ 30 ನಿಮಿಷಗಳ ಅವಧಿ ಸಾಕು. ಆರರಿಂದ ಹನ್ನೆರಡು ವರ್ಷದವರು ಗುಂಪಿನಲ್ಲಿ ದುಡಿಯಲು, ವಾದಿಸಲು, ಯೋಜಿಸಲು ಬಯಸುವ ವಯಸ್ಸಿನವರಾದ್ದರಿಂದ ಅವರಿಗೆ ಒಂದು ಗಂಟೆಯ ಅವಧಿಯೂ ಕಡಿಮೆಯಾಗಬಹುದು. ವಾರಕ್ಕೆ ಎರಡು ಸಣ್ಣ ತರಗತಿಗಳಿಗಿಂತ ಒಂದು ದೀರ್ಘ ಮಧ್ಯಾಹ್ನವೇ ಅವರಿಗೆ ಹೆಚ್ಚು ಉಪಯುಕ್ತ.

ಐದನೆಯ ಹೆಜ್ಜೆ: ಶಿಕ್ಷಕರನ್ನು ಆರಿಸಿ, ಸಿದ್ಧಗೊಳಿಸುವುದು

ತಮ್ಮ ವಿಷಯದಲ್ಲಿ ನಿಪುಣರಾದವರು ಮಾಂಟೆಸ್ಸರಿ ತರಬೇತಿ ಪಡೆದಿರುವುದು ಅಪರೂಪ. ಅದನ್ನು ಕಡ್ಡಾಯ ಮಾಡಿದರೆ ಒಳ್ಳೆಯ ಕಲಾವಿದರು ದೂರ ಉಳಿಯುತ್ತಾರೆ. ಅದರ ಬದಲು, ಪಾಠ ಆರಂಭಿಸುವ ಮೊದಲು ಅವರು ಕನಿಷ್ಠ ಮೂರು ಬೆಳಗುಗಳನ್ನು ಕೊಠಡಿಯಲ್ಲಿ ವೀಕ್ಷಕರಾಗಿ ಕಳೆಯಬೇಕು ಎಂಬ ನಿಯಮವಿರಲಿ. ಆ ದಿನಗಳಿಗೂ ಸಂಭಾವನೆ ಕೊಡಬೇಕು. ಕೆಲಸದಲ್ಲಿ ಮಗ್ನವಾದ ಮಗುವನ್ನು ಮಾತನಾಡಿಸಬಾರದು, ಹೊಗಳಲೂ ಬಾರದು ಎಂಬುದು ಅವರಿಗೆ ಅಲ್ಲಿ ನೋಡಿಯೇ ಅರ್ಥವಾಗಬೇಕು. ಚಲನೆಯನ್ನು ನಿಧಾನವಾಗಿ ತೋರಿಸುವುದು, ಕೈ ಚಲಿಸುವಾಗ ಬಾಯಿ ಮುಚ್ಚಿರುವುದು, ಮಗು ತಪ್ಪಿದಾಗ ತಕ್ಷಣ ತಿದ್ದದೆ ಇನ್ನೊಂದು ದಿನ ಮತ್ತೆ ತೋರಿಸುವುದು, ನಕ್ಷತ್ರ, ಸ್ಟಿಕ್ಕರ್, ಬಹುಮಾನಗಳನ್ನು ಬಳಸದಿರುವುದು, ಇವಿಷ್ಟನ್ನು ಒಂದು ಪುಟದಲ್ಲಿ ಬರೆದು ಕೊಟ್ಟು ಕೊಠಡಿಯ ಅಧ್ಯಾಪಕಿಯೊಡನೆ ಕೂರಿಸಿ ಚರ್ಚಿಸಬೇಕು.

ಅವರು ಕಲಿಯಲೇಬೇಕಾದ ಒಂದು ತಂತ್ರವೆಂದರೆ ಮೂರು ಹಂತದ ಪಾಠ. ಇದನ್ನು ಮಾಂಟೆಸ್ಸರಿಯವರು ಫ್ರಾನ್ಸಿನ ವೈದ್ಯ ಎಡ್ವಾರ್ ಸೆಗಾನ್ ಅವರಿಂದ ಪಡೆದರು. ಮೊದಲ ಹಂತದಲ್ಲಿ ವಸ್ತುವನ್ನು ತೋರಿಸಿ ಹೆಸರನ್ನು ಮಾತ್ರ ಹೇಳುವುದು. ಎರಡನೆಯದರಲ್ಲಿ ಹೆಸರು ಹೇಳಿ ವಸ್ತುವನ್ನು ತೋರಿಸಲು, ಕೊಡಲು, ಅಲ್ಲಿಂದಿಲ್ಲಿಗೆ ಇಡಲು ಮಗುವನ್ನು ಕೇಳುವುದು. ಮೂರನೆಯದರಲ್ಲಿ ವಸ್ತುವನ್ನು ತೋರಿಸಿ ಇದೇನು ಎಂದು ಕೇಳುವುದು. ಹೊಸಬರು ಮೊದಲ ಹಂತದಿಂದ ನೇರವಾಗಿ ಮೂರನೆಯದಕ್ಕೆ ಜಿಗಿಯುತ್ತಾರೆ. ಎರಡನೆಯ ಹಂತವೇ ಅತ್ಯಂತ ದೀರ್ಘವಾಗಿ, ಆಟದಂತೆ ಸಾಗಬೇಕು. ಮಗುವಿಗೆ ಉತ್ತರ ಬಾರದಿದ್ದರೆ ತಪ್ಪೆನ್ನದೆ ಪಾಠವನ್ನು ಅಲ್ಲಿಗೇ ನಿಲ್ಲಿಸಬೇಕು.

ಆರನೆಯ ಹೆಜ್ಜೆ: ಪರಿಕರಗಳು ಮತ್ತು ವಿಷಯವಾರು ಸಿದ್ಧತೆ

ಸಂಗೀತದಲ್ಲಿ ಪದ್ಧತಿಯೊಳಗೇ ಅಪಾರ ಸಂಪತ್ತಿದೆ. ಮಾಂಟೆಸ್ಸರಿಯವರ ಸಹೋದ್ಯೋಗಿ ಅನ್ನಾ ಮರಿಯಾ ಮಕ್ಕೆರೋನಿ ಅವರ ಸಹಯೋಗದಲ್ಲಿ ರೂಪುಗೊಂಡ, ಬಾರಿಸಿ ಸ್ವರ ಕೇಳುವ ಗಂಟೆಗಳು ಎರಡು ಸಾಲುಗಳಲ್ಲಿರುತ್ತವೆ: ಒಂದೊಂದು ಸಾಲಿನಲ್ಲಿ 13, ಅಂದರೆ ಒಂದು ಸಪ್ತಕದ ಎಂಟು ಮುಖ್ಯ ಸ್ವರಗಳು ಮತ್ತು ಅವುಗಳ ನಡುವಿನ ಐದು ಸ್ವರಗಳು. ಹಿಂದಿನ ಸಾಲಿನ ಗಂಟೆಗಳ ಬುಡ ಬಿಳಿ ಮತ್ತು ಕಪ್ಪು, ಮುಂದಿನ ಸಾಲಿನವು ಕಂದು. ಎಲ್ಲ ಗಂಟೆಗಳೂ ನೋಡಲು ಒಂದೇ ಗಾತ್ರದಲ್ಲಿರುವುದರಿಂದ ಕಣ್ಣಿನ ಸಹಾಯ ಸಿಗುವುದಿಲ್ಲ, ಕಿವಿಯೊಂದೇ ನಿರ್ಣಯಿಸಬೇಕು. ಮಗು ಮೊದಲು ಒಂದೇ ಸ್ವರದ ಜೋಡಿಗಳನ್ನು ಹುಡುಕುತ್ತದೆ, ಬಳಿಕ ಸ್ವರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುತ್ತದೆ, ಆಮೇಲೆ ಮೂರು ಹಂತದ ಪಾಠದ ಮೂಲಕ ಅವುಗಳ ಹೆಸರು ಕಲಿಯುತ್ತದೆ, ಕೊನೆಗೆ ಬರೆದ ಸ್ವರವನ್ನು ಓದುತ್ತದೆ. ಇದಕ್ಕೂ ಮೊದಲಿನ ಮೆಟ್ಟಿಲಾಗಿ ಅಲುಗಾಡಿಸಿ, ಸದ್ದನ್ನು ಕೇಳಿ ಜೋಡಿ ಹುಡುಕುವ ಆರು ಜೋಡಿ ಧ್ವನಿ ಸಿಲಿಂಡರುಗಳಿವೆ. ಸಂಗೀತ ಶಿಕ್ಷಕರು ತಮ್ಮದೇ ಪಾಠಕ್ರಮವನ್ನು ತರುವ ಮುನ್ನ ಈ ಸರಣಿಯನ್ನು ಕಲಿತರೆ, ಅವರ ಹಾಡು, ತಾಳ, ವಾದ್ಯಗಳು ಅದರ ಮೇಲೆ ಸಹಜವಾಗಿ ನಿಲ್ಲುತ್ತವೆ. ನೆಲದ ಮೇಲೆ ಎಳೆದ ಅಂಡಾಕಾರದ ಗೆರೆಯ ಮೇಲಿನ ನಡಿಗೆಯನ್ನು ಸಂಗೀತದ ಲಯಕ್ಕೆ ಹೊಂದಿಸಿದರೆ ನೃತ್ಯಕ್ಕೂ ಯೋಗಕ್ಕೂ ಅಗತ್ಯವಾದ ಸಮತೋಲನದ ಅಭ್ಯಾಸ ಅಲ್ಲಿಯೇ ಆರಂಭವಾಗುತ್ತದೆ. ಮಕ್ಕಳೆಲ್ಲ ಅಲುಗಾಡದೆ, ಸದ್ದಿಲ್ಲದೆ ಕುಳಿತು ಆಲಿಸುವ ಮೌನದ ಆಟವೂ ಅದೇ ಬಗೆಯದು. ನೃತ್ಯ, ಯೋಗಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದದ್ದಿಲ್ಲ: ಚಿಕ್ಕ ಮಕ್ಕಳ ದೇಹವನ್ನು ಕೈಯಿಂದ ಹಿಡಿದು ಭಂಗಿಗೆ ಬಾಗಿಸಬಾರದು, ಅಷ್ಟೆ.

ಎರಡನೆಯ ಭಾಷೆಗೆ ಪುಸ್ತಕವೂ ಬೇಡ, ಅಭ್ಯಾಸದ ಹಾಳೆಯೂ ಬೇಡ. ಹುಟ್ಟಿನಿಂದ ಸುಮಾರು ಆರು ವರ್ಷದವರೆಗಿನ ಕಾಲವನ್ನು ಮಾಂಟೆಸ್ಸರಿಯವರು ಭಾಷೆಯ ಸಂವೇದನಾಶೀಲ ಅವಧಿ ಎಂದು ಗುರುತಿಸಿದರು. ಈ ವಯಸ್ಸಿನ ಮಗು ಭಾಷೆಯನ್ನು ಪಾಠವಾಗಿ ಕಲಿಯುವುದಕ್ಕಿಂತ ಪರಿಸರದಿಂದ ಹೀರಿಕೊಳ್ಳುತ್ತದೆ. ಹಾಗಾಗಿ ಆ ಭಾಷೆಯನ್ನು ಸಹಜವಾಗಿ ಆಡುವ ವ್ಯಕ್ತಿಯೊಬ್ಬರು ಕೊಠಡಿಯಲ್ಲಿದ್ದು, ನೀರು ಸುರಿಯುವಾಗ, ಮೇಜು ಒರೆಸುವಾಗ, ಹಣ್ಣು ಕತ್ತರಿಸುವಾಗ ಮಕ್ಕಳೊಡನೆ ಅದೇ ಭಾಷೆಯಲ್ಲಿ ಮಾತನಾಡುವುದು ಎಲ್ಲಕ್ಕಿಂತ ಮೇಲು. ಅದು ಸಾಧ್ಯವಾಗದೆ ಪ್ರತ್ಯೇಕ ತರಗತಿಯೇ ಬೇಕಾದರೆ, ಚಮಚ, ಬಟ್ಟಲು, ಲೋಟಗಳಂಥ ನಿಜವಾದ ಮೂರು ವಸ್ತುಗಳೊಂದಿಗೆ ಮೂರು ಹಂತದ ಪಾಠದಿಂದ ಆರಂಭಿಸಿ, ಬಳಿಕ ಕ್ರಿಯಾಪದಗಳ ಆಟಕ್ಕೆ, ಸಣ್ಣ ಪದ್ಯಗಳಿಗೆ, ಕಥೆಗಳಿಗೆ ಹೋಗಬೇಕು. ಶಿಕ್ಷಕರು ಪ್ರತಿ ವಾಕ್ಯವನ್ನೂ ಮಗುವಿನ ಮನೆಮಾತಿಗೆ ಅನುವಾದಿಸಿದರೆ ಮಗು ಅನುವಾದಕ್ಕಾಗಿ ಕಾಯುವುದನ್ನು ಕಲಿಯುತ್ತದೆ. ಎರಡನೆಯ ಭಾಷೆಯ ಲಿಪಿಯನ್ನು, ಬೆರಳಿನಿಂದ ಸವರಿ ಕಲಿಯುವ, ಮೊದಲ ಭಾಷೆಯ ಮರಳು ಕಾಗದದ ಅಕ್ಷರಗಳಲ್ಲಿ ಮಗುವಿನ ಬೆರಳು ನೆಲೆಗೊಂಡ ಮೇಲೆ ಪರಿಚಯಿಸುವುದು ಲೇಸು.

ಚಿತ್ರಕಲೆಯಲ್ಲಿ, ಎಲ್ಲ ಮಕ್ಕಳೂ ಒಂದೇ ಚಿತ್ರವನ್ನು ನಕಲು ಮಾಡಿ ಮನೆಗೆ ಒಯ್ಯುವ ತರಗತಿಯನ್ನು ಸ್ವಲ್ಪವೂ ಅನುಮಾನಿಸದೆ ತಿರಸ್ಕರಿಸಬಹುದು. ಕಲಾ ಶಿಕ್ಷಕರ ಕೆಲಸ ತಂತ್ರವನ್ನು ತೋರಿಸುವುದು: ಕುಂಚವನ್ನು ತೊಳೆಯುವುದು ಹೇಗೆ, ಬಣ್ಣವನ್ನು ತೆಳುವಾಗಿಸುವುದು ಹೇಗೆ, ಜೇಡಿಮಣ್ಣಿನ ಎರಡು ತುಂಡುಗಳನ್ನು ಗೀಚಿ, ನೀರುಮಣ್ಣು ಸವರಿ ಅಂಟಿಸುವುದು ಹೇಗೆ. ಏನು ಮಾಡಬೇಕೆಂಬುದು ಮಗುವಿಗೆ ಬಿಟ್ಟದ್ದು. ಬಣ್ಣದ ಫಲಕಗಳನ್ನು ಹೋಲಿಸಿ ಜೋಡಿಸಲು ಕೊಠಡಿಯಲ್ಲಿರುವ ಪೆಟ್ಟಿಗೆಗಳ ಪೈಕಿ ಮೂರನೆಯದರಲ್ಲಿ ಒಂಬತ್ತು ಬಣ್ಣಗಳ ಏಳೇಳು ಛಾಯೆಗಳು, ಒಟ್ಟು 63 ಫಲಕಗಳಿವೆ. ಅವನ್ನು ಜೋಡಿಸಿ ಪಳಗಿದ ಮಗುವಿಗೆ ಬಿಳಿಯನ್ನು ಹನಿಹನಿಯಾಗಿ ಸೇರಿಸುತ್ತ ಅದೇ ಛಾಯೆಗಳನ್ನು ತಾನೇ ತಯಾರಿಸಲು ಕೊಟ್ಟರೆ ಪೆಟ್ಟಿಗೆಯೂ ಕಲೆಯೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ತೋಟಗಾರಿಕೆ ಮತ್ತು ಅಡುಗೆಯ ಕೆಲಸಗಳಿಗೆ ಮಗುವಿನ ಕೈಗೆ ಹೊಂದುವ ಅಳತೆಯ, ಆದರೆ ನಿಜವಾಗಿ ಕೆಲಸ ಮಾಡುವ ಉಪಕರಣಗಳು ಬೇಕು. ಆಟಿಕೆಯ ಗುದ್ದಲಿಯಿಂದ ಮಣ್ಣು ಅಗೆಯಲು ಹೋದ ಮಗುವಿಗೆ ಸಿಗುವುದು ಸೋಲು ಮಾತ್ರ. ಆರು ವರ್ಷ ದಾಟಿದವರಿಗಾದರೆ ವಿಶ್ವದ ಹುಟ್ಟು, ಜೀವದ ಆಗಮನ, ಮನುಷ್ಯನ ಬರವು, ಲಿಪಿ, ಸಂಖ್ಯೆ ಎಂಬ, ಈ ಪದ್ಧತಿಯಲ್ಲಿ ಆ ವಯಸ್ಸಿನವರಿಗೆ ಹೇಳುವ ಐದು ಮಹಾಕಥೆಗಳಿಂದ ಹೊಮ್ಮುವ ಪ್ರಶ್ನೆಗಳೇ ಪೂರಕ ವಿಷಯಗಳಾಗಲಿ. ಲಿಪಿಯ ಕಥೆ ಕೇಳಿದ ಗುಂಪು ಕಾಗದ ತಯಾರಿಸಲು ಬಯಸಿದರೆ, ಆ ತಿಂಗಳ ಪೂರಕ ತರಗತಿ ಅದೇ. ವಿಷಯ ಬಲ್ಲವರನ್ನು ಭೇಟಿಯಾಗಲು ಯಾರಿಗೆ ಬರೆಯಬೇಕು, ಹೇಗೆ ಹೋಗಬೇಕು ಎಂಬುದನ್ನೂ ಮಕ್ಕಳೇ ಯೋಜಿಸಬೇಕು. ಜೊತೆಗೆ ಒಬ್ಬ ಹಿರಿಯರಿದ್ದರಾಯಿತು.

ಏಳನೆಯ ಹೆಜ್ಜೆ: ಒಂದು ತರಗತಿಯನ್ನು ನಡೆಸುವ ಬಗೆ

ಮಕ್ಕಳು ಬರುವ ಮೊದಲೇ ಎಲ್ಲ ಪರಿಕರಗಳೂ ಟ್ರೇಗಳಲ್ಲಿ ಪೂರ್ಣವಾಗಿ ಸಿದ್ಧವಾಗಿರಬೇಕು. ಮೊದಲ ಐದು ನಿಮಿಷ ಒಂದು ಹಾಡು ಅಥವಾ ಮೌನದ ಆಟ; ಮುಂದಿನ ಐದಾರು ನಿಮಿಷ ಒಂದೇ ಒಂದು ಹೊಸ ಸಂಗತಿಯ ಪ್ರಾತ್ಯಕ್ಷಿಕೆ. ಉಳಿದ ಸಮಯವೆಲ್ಲ ಮಕ್ಕಳ ಕೆಲಸಕ್ಕೆ, ಕೊನೆಯ ಐದು ನಿಮಿಷ ಒರೆಸಿ, ತೊಳೆದು, ಮರಳಿ ಇಡುವುದಕ್ಕೆ. ಈ ಶುಚಿಗೊಳಿಸುವ ಕೆಲಸವನ್ನು ಆಯಾಗಳಿಗೆ ಬಿಡಬಾರದು. ಅದು ಪಾಠದ ಭಾಗ.

ಮಗು ಬರಲು ಒಲ್ಲೆ ಎಂದರೆ ಒತ್ತಾಯಿಸದೆ ಪಕ್ಕದಲ್ಲಿ ಕುಳಿತು ನೋಡಲು ಅವಕಾಶ ಕೊಡಬೇಕು. ನೋಡುತ್ತ ಕುಳಿತ ಮಗುವೂ ಕಲಿಯುತ್ತಿರುತ್ತದೆ. ಆದರೆ ಇತರರ ಕೆಲಸಕ್ಕೆ ತೊಂದರೆ ಕೊಡುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಸದ್ದು, ಸ್ಪರ್ಶ, ಬೆಳಕುಗಳಿಗೆ ಬೇಗ ಕಂಗೆಡುವ ಮಗುವಿದ್ದರೆ ಮೊದಲ ಕೆಲವು ಬಾರಿ ಪರಿಚಿತ ಅಧ್ಯಾಪಕಿಯೇ ಜೊತೆಗಿರಲಿ. ಆಹಾರದ ಅಲರ್ಜಿಗಳ ಪಟ್ಟಿ ಹೊರಗಿನ ಶಿಕ್ಷಕರ ಕೈಯಲ್ಲಿರಬೇಕು. ಶಾಲೆಯ ಇನ್ನೊಬ್ಬ ಸಿಬ್ಬಂದಿಯ ಕಣ್ಣಳತೆಯಲ್ಲಿಯೇ ತರಗತಿ ನಡೆಯಬೇಕು. ಈ ಎರಡರಲ್ಲಿ ಯಾವ ಸಡಿಲಿಕೆಯೂ ಸಲ್ಲದು.

ಎಂಟನೆಯ ಹೆಜ್ಜೆ: ಪೋಷಕರೊಡನೆ ಸ್ಪಷ್ಟ ಮಾತು

ಪೋಷಕರಿಗೆ ಎರಡು ವಿಷಯಗಳನ್ನು ಆರಂಭದಲ್ಲಿಯೇ ತಿಳಿಸಬೇಕು. ಮೊದಲನೆಯದು, ವರ್ಷದ ಕೊನೆಗೆ ವೇದಿಕೆಯ ಪ್ರದರ್ಶನ ಇರುವುದಿಲ್ಲ. ಪ್ರದರ್ಶನ ನಿಗದಿಯಾದೊಡನೆ ತರಗತಿ ತಾಲೀಮಾಗಿ ಬದಲಾಗುತ್ತದೆ, ಮತ್ತು ಚೆನ್ನಾಗಿ ಮಾಡುವ ಮಗು ಮುಂದಿನ ಸಾಲಿಗೆ, ಉಳಿದವರು ಹಿಂದಿನ ಸಾಲಿಗೆ ಸರಿಯುತ್ತಾರೆ. ಅದರ ಬದಲು ಪೋಷಕರು ಒಬ್ಬೊಬ್ಬರಾಗಿ ಬಂದು ತರಗತಿಯನ್ನು ವೀಕ್ಷಿಸಬಹುದು. ಎರಡನೆಯದು ಶುಲ್ಕ. ಶಾಲೆಯ ಅವಧಿಯೊಳಗೆ ನಡೆಯುವ ಪೂರಕ ತರಗತಿಗೆ ಪ್ರತ್ಯೇಕ ಶುಲ್ಕ ಇಡಬಾರದು ಎಂಬುದು ನನ್ನ ದೃಢ ನಿಲುವು. ಒಂದೇ ಕೊಠಡಿಯ ಮಕ್ಕಳಲ್ಲಿ ಹಣ ಕಟ್ಟಿದವರು ಎದ್ದು ಹೋಗಿ ಕಟ್ಟಲಾಗದವರು ಉಳಿದುಕೊಳ್ಳುವ ದೃಶ್ಯ ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ವೆಚ್ಚವನ್ನು ಎಲ್ಲರ ಶುಲ್ಕದಲ್ಲಿ ಹಂಚಲು ಆಗದಿದ್ದರೆ ತರಗತಿಯನ್ನು ಶಾಲೆಯ ಅವಧಿಯ ನಂತರಕ್ಕೆ ಇಟ್ಟು, ಕೆಲವು ಸ್ಥಾನಗಳನ್ನು ಉಚಿತವಾಗಿ ಕಾಯ್ದಿರಿಸಬೇಕು.

ಒಂಬತ್ತನೆಯ ಹೆಜ್ಜೆ: ದಾಖಲೆ ಮತ್ತು ಮರುಪರಿಶೀಲನೆ

ಅಂಕ, ಶ್ರೇಣಿ, ಪ್ರಮಾಣಪತ್ರಗಳ ಅಗತ್ಯವಿಲ್ಲ. ಪ್ರತಿ ಮಗುವಿನ ಹೆಸರಿನ ಮುಂದೆ ಯಾವ ಪ್ರಾತ್ಯಕ್ಷಿಕೆ ಆಯಿತು, ಮಗು ಅದನ್ನು ತಾನಾಗಿ ಅಭ್ಯಾಸ ಮಾಡಿತೇ, ಈಗ ಬೇರೆ ಮಗುವಿಗೆ ತೋರಿಸಬಲ್ಲದೇ ಎಂಬ ಮೂರು ಗುರುತುಗಳು ಸಾಕು. ಪೂರಕ ಶಿಕ್ಷಕರು ಮತ್ತು ಕೊಠಡಿಯ ಅಧ್ಯಾಪಕಿ ಎರಡು ವಾರಗಳಿಗೊಮ್ಮೆ ಕಾಲು ಗಂಟೆ ಕುಳಿತು ಈ ಟಿಪ್ಪಣಿಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ವೇಳಾಪಟ್ಟಿಯಲ್ಲಿಯೇ ನಮೂದಿಸಬೇಕು. ಬಿಡುವಾದಾಗ ಮಾತಾಡೋಣ ಎಂದು ಬಿಟ್ಟರೆ ಆ ಬಿಡುವು ಬರುವುದಿಲ್ಲ.

ಎಂಟು ವಾರಗಳಾದ ಮೇಲೆ ಮೊದಲ ಹೆಜ್ಜೆಯಂತೆಯೇ ಮತ್ತೆ ಕೆಲವು ದಿನ ಕೊಠಡಿಯಲ್ಲಿ ಕುಳಿತು ವೀಕ್ಷಿಸಿ, ಹಳೆಯ ಟಿಪ್ಪಣಿಗಳೊಂದಿಗೆ ಹೋಲಿಸಬೇಕು. ಪೂರಕ ತರಗತಿಯ ಟ್ರೇಗಳನ್ನು ಮಕ್ಕಳು ಕೆಲಸದ ಅವಧಿಯಲ್ಲಿ ತಾವಾಗಿ ಎತ್ತಿಕೊಳ್ಳುತ್ತಿದ್ದರೆ ಮತ್ತು ಏಕಾಗ್ರತೆಯ ಅವಧಿ ಕುಗ್ಗಿರದಿದ್ದರೆ ಮುಂದುವರಿಸಬಹುದು. ಟ್ರೇಗಳು ಇಟ್ಟಲ್ಲಿಯೇ ಇದ್ದರೆ ಪ್ರಾತ್ಯಕ್ಷಿಕೆಯನ್ನು ಬದಲಿಸಿ ಇನ್ನೊಂದು ತಿಂಗಳು ನೋಡಬೇಕು. ಕೊಠಡಿಯ ಏಕಾಗ್ರತೆಯೇ ಕುಸಿದಿದ್ದರೆ, ಪೋಷಕರಿಗೆ ತರಗತಿ ಎಷ್ಟೇ ಮೆಚ್ಚಿಕೆಯಾಗಿದ್ದರೂ, ಮೊದಲು ಅದರ ಸಮಯವನ್ನು ಬದಲಿಸಬೇಕು. ಅದರಿಂದಲೂ ಸರಿಹೋಗದಿದ್ದರೆ ಆ ಶೈಕ್ಷಣಿಕ ಅವಧಿಯ ಕೊನೆಯಲ್ಲಿ, ಕಾರಣವನ್ನು ಪೋಷಕರಿಗೆ ಲಿಖಿತವಾಗಿ ತಿಳಿಸಿ, ತರಗತಿಯನ್ನು ನಿಲ್ಲಿಸಬೇಕು.